ಎರಡು ಸಾವಿನ ದಿನವಿದ್ದ ಅಧಿಕಾರಿ

ಮಾಸ್ಕೋದಲ್ಲಿ ನಾನಿರುವ ಮನೆಯ ಅಡುಗೆಮನೆಯಲ್ಲಿ ಒಂದು ಫೋಟೋ ಇದೆ. ದೊಡ್ಡ ತಕ್ಕಡಿಯ ಮುಂದೆ ಆರು ಜನ ನಿಂತಿದ್ದಾರೆ. ಮುಖ ಇರುವುದು ಐವರಿಗೆ. ನಡುವಿನವರ ಕತ್ತಿನ ಮೇಲೆ ಬಳೆ ಇಟ್ಟು ಕತ್ತರಿಸಿದಂತೆ ದುಂಡನೆಯ ತೂತು. ಹರಿಹರಪುರದ ಹತ್ತಿರದ ನಾರ್ವೆ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ತೀರಿಕೊಂಡವರ ಫೋಟೋಗೆ ಹಾರ ಹಾಕುತ್ತೇವೆ. ಇಲ್ಲಿ ಮುಖ ತೆಗೆದು, ಉಳಿದದ್ದಕ್ಕೆ ಗಾಜು ಹಾಕಿಸಿದ್ದಾರೆ.

"ನನ್ನ ಅಜ್ಜ. ಕತ್ತರಿಸಿದ್ದು ಅಜ್ಜಿ," ಎಂದರು ಮನೆಯೊಡತಿ ವೇರಾ ನಿಕೊಲಾಯೆವ್ನಾ. "ಫೋಟೋ ಇಡೀ ಸುಡಲು ಅವಳಿಗೆ ಮನಸ್ಸಾಗಲಿಲ್ಲ."

ವೇರಾ ನಿವೃತ್ತ ಭೂಗೋಳ ಶಿಕ್ಷಕಿ. ನಾನು ಸುದ್ದಿ ಅನುವಾದದ ಕೆಲಸಕ್ಕೆ ಬಂದು ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಇಲ್ಲಿ ಗೌರವಕ್ಕೆ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಸೇರಿಸಿ ಕರೆಯುತ್ತಾರೆ. ಮೊದಲ ದಿನವೇ ಅವರು ನನ್ನ ಅಪ್ಪನ ಹೆಸರು ಕೇಳಿದರು. ಗಣಪಯ್ಯ ಎಂದೆ. ಎರಡು ಸಲ ಬಾಯಲ್ಲಿ ಹೊರಳಿಸಿ, "ಹಾಗಾದರೆ ನೀನು ಸುಮಿತ್ರಾ ಗಣಪಯ್ಯೊವ್ನಾ," ಎಂದರು. ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ನಕ್ಕಳು. "ಅಪ್ಪಯ್ಯ ಇದ್ದಿದ್ರೆ ಹರಿಹರಪುರದ ಬಸ್ಸಲ್ಲಿ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಬರ್ತಿದ್ರು ಮಾರಾಯ್ತಿ!"

ವೇರಾ ಅವರ ಅಜ್ಜ ಕ್ರಾಂತಿಯ ಮೊದಲ ವರ್ಷಗಳಲ್ಲಿ ತೂಕ ಮತ್ತು ಅಳತೆಯ ಅಧಿಕಾರಿ. ಹಳೆಯ ಪೂದ್, ಅಂದರೆ ಹದಿನಾರು ಕಿಲೋಗಿಂತ ತುಸು ಹೆಚ್ಚಿನ ತೂಕ, ಹೋಗಿ ಕಿಲೋ ಬರಬೇಕಿತ್ತು. ಅವರು ಕಬ್ಬಿಣದ ಬಟ್ಟುಗಳನ್ನು ಹೊತ್ತು ಸಂತೆಯಿಂದ ಸಂತೆಗೆ ಹೋಗಿ ಜನರಿಗೆ ತೂಗಿ ತೋರಿಸಿದರು. ನಮ್ಮ ಅಜ್ಜಿಗೂ ಕಿಲೋ ಮೇಲೆ ನಂಬಿಕೆ ಇರಲಿಲ್ಲ. ಸೇರಿನ ಮೇಲೆ ಗೋಪುರವಾಗಿ ನಿಂತ ಅಕ್ಕಿಯೇ ಅವಳಿಗೆ ನ್ಯಾಯ. ಮುಂದೆ ಇದೇ ಅಧಿಕಾರಿಯ ಮೇಲೆ, ಬೇಕೆಂದೇ ತಕ್ಕಡಿ ಕೆಡಿಸಿ ಕಾರ್ಮಿಕರಿಗೆ ಮೋಸ ಮಾಡಿದ ಆರೋಪ ಬಂತು. ಬಂಧಿಸಿದರು. ಅಂಥವರ ಮುಖ ಮನೆಯ ಫೋಟೋದಲ್ಲಿರುವುದೂ ಆಗ ಅಪಾಯ. ಎಷ್ಟೋ ವರ್ಷದ ನಂತರ ವೇರಾ ಕೈಗೆ ಬಂದ ಪೊಲೀಸ್ ಕಡತದಲ್ಲಿ ಅವರು ತಪ್ಪೊಪ್ಪಿಕೊಂಡ ಹಾಳೆ ಇದೆ, ಸಹೋದ್ಯೋಗಿಯೊಬ್ಬರ ಹೆಸರು ಕೊಟ್ಟ ಹಾಳೆಯೂ ಇದೆ. ಎರಡನೆಯದನ್ನು ವೇರಾ ನನ್ನಿಂದ ಮುಚ್ಚಿಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಜ್ಜಿಯ ಸಮಾಧಿಯ ಕಲ್ಲಿನ ಮೇಲೆ ಅಜ್ಜನ ಹೆಸರನ್ನೂ ಕೆತ್ತಿಸಲು ಅವರು ಹೊರಟರು. ಕಲ್ಲು ಕೆತ್ತುವವನು ಅಜ್ಜ ಸತ್ತ ದಿನಾಂಕ ಕೇಳಿದ. ವೇರಾ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ಅಜ್ಜಿಗೆ ಅಂಚೆಯಲ್ಲಿ ಬಂದ ಪ್ರಮಾಣಪತ್ರ: ಫೆಬ್ರವರಿಯಲ್ಲಿ, ಸೆರೆ ಶಿಬಿರದಲ್ಲಿ, ಹೃದ್ರೋಗದಿಂದ. ಇನ್ನೊಂದು ಕಡತದ ಪ್ರತಿ: ಅದಕ್ಕೂ ಕೆಲವು ವರ್ಷ ಮೊದಲು, ನವೆಂಬರಿನಲ್ಲಿ, ಗುಂಡಿಕ್ಕಿ.

"ನೀನು ಸುದ್ದಿಯವಳು. ಯಾವುದು ನಿಜ?"

"ಕಡತ," ಎಂದೆ. ನನ್ನ ಕಸುಬಿನಲ್ಲಿ ಅದು ಕಷ್ಟದ ಪ್ರಶ್ನೆಯಲ್ಲ.

"ಗೊತ್ತು. ಆದರೆ ಅಜ್ಜಿ ಸಾಯುವ ತನಕ ಫೆಬ್ರವರಿಯಲ್ಲಿ ಮೇಣದಬತ್ತಿ ಹಚ್ಚಿದಳು. ಆ ನವೆಂಬರಿನಲ್ಲಿ ಅವಳು ಅಜ್ಜನಿಗೆಂದು ಉಣ್ಣೆಯ ಕಾಲುಚೀಲ ಹಿಡಿದು ಜೈಲಿನ ಕಿಟಕಿಯ ಸಾಲಿನಲ್ಲಿ ನಿಂತಿದ್ದಳು. ನವೆಂಬರ್ ಎಂದು ಕೆತ್ತಿದರೆ, ಅವಳ ಪಕ್ಕದಲ್ಲೇ ನಿಂತು ನೀನು ಮೋಸಹೋದೆ ಎಂದು ಹೇಳಿದಂತಲ್ಲವೇ?"

ಆ ವಾರ ಅಮ್ಮನಿಗೆ ಹೇಳಿದೆ.

"ಅದಕ್ಕೆ ಅಷ್ಟು ಯೋಚನೆ ಎಂತಕ್ಕೆ ಕೂಸೆ? ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇಲ್ವಾ?"

ಅದನ್ನು ಅನುವಾದಿಸಿದೆ. ಭೂಗೋಳದ ಶಿಕ್ಷಕಿ ಕನ್ನಡಕ ತೆಗೆದರು. "ಅಂಥವರಿಗೆಂದೇ ಒಂದು ದಿನ ಇಟ್ಟಿದ್ದೀರಾ? ನಿಮ್ಮಲ್ಲೂ ಅಷ್ಟು ಜನ ಇದ್ದರೇ?"

ಅಮಾವಾಸ್ಯೆಯ ಮಾರನೇ ದಿನ ಅಮ್ಮನ ಫೋನು. "ನಿನ್ನ ವೇರಾ ಅವರ ಅಜ್ಜನ ಹೆಸರೂ ಹೇಳಿಸಿದೆ. ಭಟ್ಟರು ಗೋತ್ರ ಕೇಳಿದ್ರು. ಗೊತ್ತಿಲ್ಲ ಅಂದೆ. ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಅಂತ ಅವ್ರೇ ಸೇರಿಸಿದ್ರು."

ವೇರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ದೇವರಿಲ್ಲ ಎಂದು ಸಂತೆಯಲ್ಲಿ ಭಾಷಣ ಮಾಡಿದ ಮನುಷ್ಯ! ಹೋಗಲಿ, ಯಾವುದೋ ಒಂದು ಪಟ್ಟಿಯಲ್ಲಿ ಅವನನ್ನು ಒಳಗೆ ಬಿಟ್ಟುಕೊಂಡರಲ್ಲ."

ಹಿಮ ಬೀಳುವ ಮೊದಲು ಕಲ್ಲು ಸಿದ್ಧವಾಯಿತು. ಅದರಲ್ಲಿ ನವೆಂಬರ್ ಇದೆ. "ಅಜ್ಜಿಗೆ ಸುಳ್ಳು ಹೇಳಿದವರು ಸಾಕಷ್ಟು ಜನ. ನಾನೂ ಯಾಕೆ?" ಎಂದರು ವೇರಾ. ಮೇಣದಬತ್ತಿ ಮಾತ್ರ ಫೆಬ್ರವರಿಯಲ್ಲೇ ಉಳಿಯಿತು.

ಈ ಸಲ ಪಂಚಾಂಗದಲ್ಲಿ ನನ್ನ ಅಪ್ಪಯ್ಯನ ತಿಥಿಯೂ ಫೆಬ್ರವರಿಯ ಆ ದಿನವೇ ಬಿತ್ತು. ಊರಿಗೆ ಹೋಗಲು ರಜೆ ಸಿಗಲಿಲ್ಲ. ವೇರಾ ಸತ್ತವರ ನೆನಪಿಗೆ ಮಾಡುವ ಕುತ್ಯಾ ಮಾಡಿದರು. ಬೇಯಿಸಿದ ಗೋಧಿ, ಮೇಲೆ ಜೇನು. ಒಂದು ತಟ್ಟೆ ಮುಖವಿಲ್ಲದ ಫೋಟೋದ ಕೆಳಗೆ ಇಟ್ಟರು. ನಾನು ಒಂದು ಹಿಡಿ ತೆಗೆದು ಕಿಟಕಿಯ ಹೊರಗಿನ ಹಲಗೆಯ ಮೇಲಿಟ್ಟೆ. ವಿಡಿಯೋ ಕಾಲ್‌ನಲ್ಲಿ ಅಮ್ಮ ಕಾಯುತ್ತಿದ್ದಳು. ಇಲ್ಲಿಯ ಕಾಗೆಗೆ ತಲೆ ಮತ್ತು ರೆಕ್ಕೆ ಮಾತ್ರ ಕಪ್ಪು, ಮೈಯೆಲ್ಲ ಬೂದಿ.

"ಅದು ಕಾಗೆಯೇ ಹೌದನೆ?"

"ಇಲ್ಲಿ ಇದೇ ಕಾಗೆ ಅಮ್ಮ."

ಅದು ಬಂದು ಗೋಧಿಯನ್ನು ಎರಡೇ ಸಲ ಕುಕ್ಕಿ ಎತ್ತಿಕೊಂಡು ಹಾರಿತು.

"ಯಾರ ಪಾಲು ತಿಂದಿತು, ಗಣಪಯ್ಯೊವ್ನಾ?" ವೇರಾ ಕೇಳಿದರು. ಫೋನಿನೊಳಗಿಂದ ಅಮ್ಮನೂ ಕೇಳುತ್ತಿದ್ದಳು, "ಅವರು ಎಂತ ಹೇಳ್ತಿದಾರೆ?"

ಅಮ್ಮನಿಗೆ ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ, ಇಬ್ಬರಿಗೂ ಅವರವರ ಭಾಷೆಯಲ್ಲಿ ಗೊತ್ತಿಲ್ಲ ಎಂದೆ.