ಅಳಿಸಿದವನ ಹೆಸರು

ನನಗೊಂದು ಕೆಟ್ಟ ಚಟವಿದೆ. ಬೀಡಿ, ಇಸ್ಪೀಟಿನಂಥ ಮರ್ಯಾದಸ್ಥ ಚಟವಲ್ಲ. ಬರೆದದ್ದು ಕಣ್ಣಿಗೆ ಬಿದ್ದರೆ ತಿದ್ದುವ ಚಟ. ಮಧುಗಿರಿಯ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ಮೇಷ್ಟ್ರಾಗಿದ್ದುದರ ಫಲ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಅಲ್ಪವಿರಾಮಗಳನ್ನು ನೋಡುತ್ತೇನೆ. ಹೋಟೆಲಿನ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ. "ಸ್ಮಶಾನಕ್ಕೆ ಒಯ್ದರೂ ನೀವು ಅಲ್ಲಿಯ ಬೋರ್ಡು ತಿದ್ದಿಯೇ ಮಲಗೋದು" ಎನ್ನುತ್ತಾಳೆ ಹೆಂಡತಿ. ನಗಬೇಡಿ. ಈ ಚಟದಿಂದ ನಾನೊಬ್ಬ ಹೆಂಗಸಿನ ಜೀವ ಹಿಂಡಿದ್ದೇನೆ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಶಾಲೆ ಬಿಟ್ಟು, ಗೆಳೆಯ ಶಿವಣ್ಣನೊಂದಿಗೆ ಸೇರಿ ಶಿರಾದಲ್ಲಿ ಕಂಪನಿ ಕಟ್ಟಿದೆ. ನಾವದನ್ನು ಸ್ಟಾರ್ಟ್‌ಅಪ್ ಎನ್ನುತ್ತೇವೆ. ಕಚೇರಿ ಇರುವುದು ಅವನ ಮನೆಯವರ ಕಡ್ಲೆಕಾಯಿ ಮಂಡಿಯ ಮಹಡಿಯಲ್ಲಿ. ಬಂದವರು ಎರಡು ಬೀಜ ಬಾಯಿಗೆ ಹಾಕಿಕೊಂಡೇ ಮೆಟ್ಟಿಲು ಹತ್ತುತ್ತಾರೆ. ನಮ್ಮ ಕೆಲಸ ಪಾವಗಡದ ಕಡೆ ಸೋಲಾರ್ ಪ್ಲೇಟು ತೊಳೆಯುವುದು. ಧೂಳು ಕೂತರೆ ಕರೆಂಟು ಕಮ್ಮಿ. ಹಾಗಾಗಿ ಬಿಸಿಲೇರುವ ಮುಂಚೆ ಹೆಂಗಸರ ತಂಡ ಸಾಲುಸಾಲು ತೊಳೆದು ಒರೆಸಿ ಮುಗಿಸಬೇಕು. ತಂಡದ ಮೇಲ್ವಿಚಾರಕಿ ನಾಗರತ್ನಮ್ಮ, ಐವತ್ತು ದಾಟಿದವರು, ಅಲ್ಲೇ ಪಕ್ಕದ ಬಲಸಮುದ್ರ ಎಂಬ ಊರಿನವರು. ಯಾವ ಸಾಲಿಗೆ ಯಾವ ದಾರಿ, ಎಲ್ಲಿ ಹಾವಿನ ಕಾಟ, ಯಾವ ವಾಚ್‌ಮನ್ನಿಗೆ ಮೂಗಿನ ತುದಿಯಲ್ಲಿ ಕೋಪ, ಎಲ್ಲ ಅವರ ತಲೆಯಲ್ಲೇ ಇತ್ತು.

ಅದು ಎಲ್ಲರ ಕೈಗೂ ಸಿಗಲಿ ಎಂದು ವಿಕಿ ಶುರು ಮಾಡಿದೆವು. ವಿಕಿ ಎಂದರೆ ಕಂಪನಿಯ ಕೆಲಸಕಾರ್ಯವನ್ನೆಲ್ಲ ಬರೆದಿಡುವ ಪುಟಗಳು. ಫೋನಿನಿಂದಲೇ ನಮ್ಮಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಎರಡನೆಯ ಮಾತು ಕೇಳಿದೊಡನೆ ನನ್ನ ಕೈ ತುರಿಸಿತು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾಗರತ್ನಮ್ಮ ಒಂದೊಂದೇ ಅಕ್ಷರ ಒತ್ತಿ ಬರೆದರು: "ಮುನಿಯಪ್ಪನ ಹುಣಸೆಮರದ ತಾವ ಇರೋ ಬೋರ್ ನೀರು ಮುಟ್ಬ್ಯಾಡಿ. ಅದ್ರಾಗೆ ಬ್ಯಾಳೆ ಬೇಯಲ್ಲ, ಗಾಜಿಗೂ ಬಿಳೀ ಕರೆ ಹಿಡೀತದೆ." ಓದಿ ನಕ್ಕೆ. ಕಂಪನಿಯ ಪುಟದಲ್ಲಿ ಬೇಳೆಗೇನು ಕೆಲಸ? ಅದನ್ನು ಅಳಿಸಿ, "ಸಮೀಪದಲ್ಲಿ ಲಭ್ಯವಿರುವ ಶುದ್ಧ ಜಲವನ್ನು ಉಪಯೋಗಿಸತಕ್ಕದ್ದು" ಎಂದು ಬರೆದೆ. ಎಂಥ ವಾಕ್ಯ ನೋಡಿ! ಒಂದು ತಪ್ಪಿಲ್ಲ, ಒಂದು ಪ್ರಯೋಜನವೂ ಇಲ್ಲ. ಬರೆದು ಮರೆತೂಬಿಟ್ಟೆ.

ಆಮೇಲೆ ನಾಗರತ್ನಮ್ಮ ಮಗಳ ಬಾಣಂತನಕ್ಕೆಂದು ಒಂದು ವಾರ ರಜಾ ಹಾಕಿದರು. ಹೊಸದಾಗಿ ಸೇರಿದ ಹೆಂಗಸರು ವಿಕಿ ಓದಿದರು. ಸಮೀಪದಲ್ಲಿ ಲಭ್ಯವಿದ್ದದ್ದು ಹುಣಸೆಮರದ ಬೋರು. ನೀರು ನೋಡಲಿಕ್ಕೆ ಕನ್ನಡಿಯಂತಿತ್ತು. ನಾಲ್ಕು ಸಾಲು ಪ್ಲೇಟಿಗೆ ಬಿಳೀ ಕರೆ ಕಚ್ಚಿಕೊಂಡಿತು. ಪ್ಲೇಟಿನ ಮಾಲೀಕರು ಫೋನಿನಲ್ಲಿ ನಮ್ಮ ಜನ್ಮ ಜಾಲಾಡಿದರು.

ನಾಗರತ್ನಮ್ಮ ವಾಪಸಾದ ದಿನ ತಂಡದವರನ್ನೆಲ್ಲ ಪ್ಲೇಟುಗಳ ಪಕ್ಕದ ಶೆಡ್ಡಿನಲ್ಲಿ ಕೂರಿಸಿ ಮೀಟಿಂಗು ಮಾಡಿದೆವು. ಅಷ್ಟೂ ಜನರ ಮುಂದೆ ಮೇಷ್ಟ್ರ ಗತ್ತಿನಲ್ಲಿ ಕೇಳಿದೆ: "ಇಂಥದ್ದನ್ನ ವಿಕಿಯಲ್ಲಿ ಬರೆದಿಡಬೇಕಲ್ವಾ ನಾಗರತ್ನಮ್ಮ? ಅದಕ್ಕೇ ತಾನೆ ಅದು ಇರೋದು?"

"ಬರ್ದಂಗಿತ್ತಲ್ಲ ಮೇಷ್ಟ್ರೇ..." ಎಂದು ಫೋನು ತೆಗೆದರು. ಪುಟವನ್ನು ಮೇಲಕ್ಕೆ ಸರಿಸಿದರು, ಕೆಳಕ್ಕೆ ಸರಿಸಿದರು. ಮುಖ ಇಳಿದುಹೋಯಿತು. "ಇಲ್ಲ ಕಣ್ರೀ. ಬರ್ದೇ ಇಲ್ವೇನೋ ಬುಡಿ."

ಶಿರಾಕ್ಕೆ ಮರಳಿ, ಸುಮ್ಮನೆ ಖಾತ್ರಿಗೆಂದು ಪುಟದ ಹಿಸ್ಟರಿ ತೆರೆದೆ. ಯಾರು ಏನು ಬರೆದರು, ಯಾರು ಏನು ಅಳಿಸಿದರು, ಎಲ್ಲ ಅಲ್ಲಿ ದಾಖಲಾಗಿರುತ್ತದೆ. ಬೇಳೆಯ ಸಾಲು ಅಲ್ಲಿತ್ತು. ಅಳಿಸಿದವನ ಹೆಸರೂ ಇತ್ತು. ನನ್ನದೇ. ಹಿಂದಿನವರು ಕಲ್ಲಿನ ಮೇಲೆ ದಾನಶಾಸನ ಕೆತ್ತಿಸಿ, ಕೊನೆಗೆ ಇದನ್ನು ಕೆಡಿಸಿದವನು ನರಕಕ್ಕೆ ಹೋಗಲಿ ಎಂದು ಶಾಪವನ್ನೂ ಕೆತ್ತಿಸುತ್ತಿದ್ದರು. ವಿಕಿ ಶಾಪ ಹಾಕುವುದಿಲ್ಲ, ಹೆಸರು ಹಾಕಿ ಸುಮ್ಮನಾಗುತ್ತದೆ. ಶಾಪವೇ ವಾಸಿ.

ಇಲ್ಲಿಯವರೆಗಿನದು ತಪ್ಪು, ಮುಂದಿನದು ಪಾಪ. ಎಂಟು ದಿನ ನಾನು ಬಾಯಿ ಬಿಡಲಿಲ್ಲ. ಸಾಲನ್ನು ಸದ್ದಿಲ್ಲದೆ ವಾಪಸ್ ಹಾಕೋಣವೆಂದರೆ ಅದಕ್ಕೂ ನನ್ನ ಹೆಸರೇ ಬೀಳುತ್ತದೆ. ಕರೆ ಹೇಗೂ ಉಜ್ಜಿದರೆ ಹೋಗುತ್ತದೆ, ನಾಗರತ್ನಮ್ಮ ಹೇಗೂ ಮರೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮಕ್ಕಳಿಗೆ ಸತ್ಯಸಂಧರ ಕಥೆ ಹೇಳಿ ಸಂಬಳ ಎಣಿಸಿದ ಬಾಯಿ ಇದು.

ಒಂಬತ್ತನೆಯ ದಿನ ನಾಗರತ್ನಮ್ಮ ಬಸ್ಸು ಹಿಡಿದು ಶಿರಾಕ್ಕೇ ಬಂದರು. ಕಂಪನಿ ಕೊಟ್ಟ ಫೋನನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟರು.

"ಈ ಮೇಲ್ವಿಚಾರಣೆ ಇನ್ಯಾರಿಗಾದ್ರೂ ಕೊಡಿ ಮೇಷ್ಟ್ರೇ. ನಾನು ಸುಮ್ಕೆ ಪ್ಲೇಟ್ ತೊಳ್ಕಂಡಿರ್ತೀನಿ."

"ಯಾಕೆ ನಾಗರತ್ನಮ್ಮ?"

"ನಮ್ಮವ್ವಂಗೂ ಇಂಗೇ ಶುರುವಾಗಿದ್ದು. ಮಾಡ್ದೇ ಇರೋದ್ನ ಮಾಡಿವ್ನಿ ಅನ್ನೋಳು. ಕೊನೀಗೆ ನನ್ನೇ ನೋಡಿ, ನೀನ್ಯಾರಮ್ಮ ಅಂದ್ಬುಟ್ಲು. ಈಗ ಎಂಟು ದಿನದಿಂದ ಒಲೆ ಆರ್ಸಿದ್ನೋ ಇಲ್ವೋ ಅಂತ ಮೂರ್ಮೂರು ಸಲ ಒಳಗೋಗಿ ನೋಡ್ತಾ ಇವ್ನಿ. ಮಗಳಿಗೆ ಹೇಳಿಲ್ಲ. ಬಾಣಂತಿ, ಎದೆ ಒಡ್ಕಂತಾಳೆ."

ನಾನು ಕೂತ ಕುರ್ಚಿ ಕುಸಿದಿದ್ದರೆ ಚೆನ್ನಾಗಿತ್ತು. ಕುಸಿಯಲಿಲ್ಲ. ನನ್ನ ಫೋನಿನಲ್ಲಿ ಹಿಸ್ಟರಿ ತೆರೆದು ಅವರ ಮುಂದೆ ಹಿಡಿದೆ. "ನೀವು ಬರೆದಿದ್ರಿ ನಾಗರತ್ನಮ್ಮ. ಅಳಿಸಿದ್ದು ನಾನು. ಮೀಟಿಂಗಿನ ದಿನವೇ ಗೊತ್ತಾಯ್ತು. ಹೇಳೋಕೆ ಮುಖ ಇರಲಿಲ್ಲ."

ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ಬ್ಯಾಳೆ ಬೇಯಲ್ಲ ಅಂತಾನೂ ನಾನು ಬರ್ದಿವ್ನಾ?"

"ಹೌದು."

"ಅಯ್ಯೋ ದೇವುಡಾ!" ಎಂದವರೇ ನಗತೊಡಗಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮೇಜಿನ ಮೇಲಿಟ್ಟ ಫೋನನ್ನು ಎತ್ತಿಕೊಂಡು ತಂಡದ ಗಂಗಮ್ಮನಿಗೆ ಹಚ್ಚಿದರು. "ಲೇ ಗಂಗಿ, ನಂಗೇನೂ ಆಗಿಲ್ಲ ಕಣೇ! ತಲೆ ನೆಟ್ಟಗೈತೆ! ಮೇಷ್ಟ್ರೇ ಅಳ್ಸಿರೋದು!" ಕೆಳಗೆ ಮಂಡಿಯಲ್ಲಿ ಚೀಲ ಹೊಲಿಯುತ್ತಿದ್ದವರೂ ತಲೆಯೆತ್ತಿ ನೋಡಿದರು. ನನ್ನ ತಪ್ಪಿನಿಂದ ಯಾರಾದರೂ ಇಷ್ಟು ಸುಖಪಟ್ಟದ್ದನ್ನು ನಾನು ಕಂಡಿರಲಿಲ್ಲ. ನಾನು ಎಂಟು ದಿನ ಬಚ್ಚಿಟ್ಟುಕೊಂಡು ಕೂತಿದ್ದ ಒಂದು ಮಾತು ಈ ಹೆಂಗಸಿಗೆ ಔಷಧವಾಗಿತ್ತು.

ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದರು. "ಬಯ್ಯೋದು ಆಮ್ಯಾಕೆ ಬಯ್ತೀನಿ, ಇರಿ. ಮದ್ಲು ಅದನ್ನ ಜೋರಾಗಿ ಓದಿ. ಯಾರು ಅಳ್ಸಿದ್ದು ಅಂತ ಐತಲ್ಲ, ಅದನ್ನ."

ಓದಿದೆ. ಗಂಗಮ್ಮನಿಗೂ ಕೇಳಲೆಂದು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದು ಇನ್ನೊಮ್ಮೆ ಓದಿಸಿದರು. ಮೂರನೆಯ ಸಲ ಅವರು ಕೇಳುವ ಮೊದಲೇ ಓದಿದೆ, ಇನಿಷಿಯಲ್ ಸಮೇತ.