ಮೆಟ್ಟಿಲ ಬುಡದ ಚಪ್ಪಲಿಗಳು

ಆ ಚಪ್ಪಲಿಗಳನ್ನು ನೀರಿಗೆ ಎಸೆದದ್ದು ನಾನೇ. ಕಾವಲುಗಾರ ಮುಟ್ಟಬೇಡ ಅಂದಿದ್ದ, ಮಾಸ್ತರು ಬೇಡ ಅಂದರು, ಆದರೂ ಎಸೆದೆ. ಒಬ್ಬ ಹೆಂಗಸಿಗೆ ಗಂಡನದೆಂದು ಆ ಜಾಗದಲ್ಲಿ ಉಳಿದಿದ್ದದ್ದು ಅವಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಓದುತ್ತ ಓದುತ್ತ ನನ್ನ ಮೇಲೆ ಯಾರಿಗಾದರೂ ಒಳ್ಳೆಯ ಅಭಿಪ್ರಾಯ ಬಂದುಬಿಟ್ಟೀತು.

ನನಗೆ ಅನುಮಾನ ಜಾಸ್ತಿ. ಹಾಸನದಿಂದ ಪುಣೆಗೆ ಬಂದು ಮಗರಪಟ್ಟಾದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಇನ್ನೂ ಬಲಿಯಿತು. ಆಗಷ್ಟೇ ಕೊಂಡು ತಂದ ಹಾಲಿನ ಪ್ಯಾಕೆಟ್ಟನ್ನೂ ಮೂಸಿಯೇ ಪಾತ್ರೆಗೆ ಸುರಿಯುವವಳು ನಾನು. ಇಂಥವಳಿಗೆ ಭಾನುವಾರದ ಜೊತೆಗಾರರಾಗಿ ಸಿಕ್ಕವರು ಮಾಸ್ತರು. ವಿಜಯಪುರದ ಕಡೆಯವರು, ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೊರಳಿನ ಕ್ಯಾಮೆರಾ ನೋಡಿ ಮರಾಠಿಯಲ್ಲಿ ಮಾತು ತೆಗೆದರು, ಎರಡನೆಯ ವಾಕ್ಯಕ್ಕೆ ಇಬ್ಬರಿಗೂ ಗೊತ್ತಾಗಿ ಕನ್ನಡಕ್ಕೆ ಇಳಿದೆವು. ಆಮೇಲೆ ಪ್ರತಿ ಭಾನುವಾರ ಬೆಳಗ್ಗೆ ಹಾಳು ಬಂಗಲೆ, ಮುಚ್ಚಿದ ಗಿರಣಿ, ಹಳೆಯ ಗೋರಿ, ಗುಡ್ಡ ಅಂತ ಫೋಟೋ ತೆಗೆಯುತ್ತ ಅಲೆಯತೊಡಗಿದೆವು.

ಮಾಸ್ತರ ಮೇಲಿನ ನಂಬಿಕೆ ಹೋದದ್ದು ಒಂದು ಚೆಂಡುಹೂವಿನಿಂದ. ಪಾಳುಬಿದ್ದ ಸೈನಿಕರ ಸ್ಮಾರಕವೊಂದರ ಚಿತ್ರವನ್ನು ಅವರು ನಮ್ಮ ಫೋಟೋ ಗುಂಪಿನ ವಾಟ್ಸಾಪಿಗೆ ಹಾಕಿದರು. ಪಾಚಿಗಟ್ಟಿದ ಕಲ್ಲು, ಅದರ ಮೇಲೆ ಒಂದೇ ಒಂದು ಹೂವು. 'ಇನ್ನೂ ಯಾರೋ ನೆನೆಯುತ್ತಾರೆ' ಅಂತ ಕೆಳಗೆ ಬರೆದಿದ್ದರು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆ ಹೂವನ್ನು ಅವತ್ತು ಬೆಳಗ್ಗೆ ಸ್ವಾರಗೇಟದಲ್ಲಿ ಮಾಸ್ತರು ಕೊಂಡದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಕೇಳಿದರೆ ನಕ್ಕುಬಿಟ್ಟರು. "ಕಲ್ಲು ಬೋಳ ಕಾಣ್ತಿತ್ತವ್ವಾ ತಂಗಿ, ಅದಕ್ಕ ಇಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಹಾಳು ಕಟ್ಟಡಗಳ ಫೋಟೋ ತೆಗೆಯುವವರಲ್ಲಿ ಈ ರೋಗ ಇದ್ದದ್ದೇ. ಕೈಚೀಲದಲ್ಲಿ ಒಂದು ತಲೆ ಕಿತ್ತ ಗೊಂಬೆ, ಒಡೆದ ಕನ್ನಡಕ ಇಟ್ಟುಕೊಂಡೇ ಹೋಗುತ್ತಾರೆ. ಬೆಳಕು ಬೀಳುವ ಕಡೆ ಇಟ್ಟು, ಹಾಗೇ ಸಿಕ್ಕಿತು ಅನ್ನುತ್ತಾರೆ. ಅವತ್ತಿನಿಂದ ಮಾಸ್ತರ ಚೀಲದ ಮೇಲೂ ನನಗೆ ಒಂದು ಕಣ್ಣು.

ನಮ್ಮ ಆಫೀಸಿನ ಕಿಟಕಿಯಿಂದ ದೂರದಲ್ಲಿ ಒಂದು ಅರ್ಧಕ್ಕೆ ನಿಂತ ಕಟ್ಟಡ ಕಾಣುತ್ತಿತ್ತು. ಎಂಟು ಅಂತಸ್ತು ಎದ್ದು, ಮೇಲೆ ಕಬ್ಬಿಣದ ಸರಳುಗಳನ್ನು ಚಾಚಿಕೊಂಡು ವರ್ಷಗಟ್ಟಲೆ ಹಾಗೇ ನಿಂತಿತ್ತು. ಕಳೆದ ಚಳಿಗಾಲದ ಒಂದು ಭಾನುವಾರ ಅಲ್ಲಿಗೆ ಹೋದೆವು. ಗೇಟಿನ ಕಾವಲುಗಾರ ಮರಾಠಿಯಲ್ಲಿ, ಒಳಗೆ ಹೋಗಿ, ಆದರೆ ಯಾವುದಕ್ಕೂ ಕೈ ಹಚ್ಚಬೇಡಿ ಅಂದ. ಸರಳು ಕದ್ದು ಮಾರುವವನು ಇವನೇ ಇರಬೇಕು, ಅದಕ್ಕೇ ಈ ಎಚ್ಚರಿಕೆ ಎಂದುಕೊಂಡೆ.

ಒಳಗೆ ಮೆಟ್ಟಿಲಿನ ಬುಡಕ್ಕೆ ಮೇಲಿನ ತೂತಿನಿಂದ ಬಿಸಿಲು ಬಿದ್ದಿತ್ತು. ಆ ಬಿಸಿಲಲ್ಲಿ ಸರಿಯಾಗಿ ಒಂದು ಜೊತೆ ಗಂಡಸಿನ ಟೈರಿನ ಚಪ್ಪಲಿ. ಒಂದರ ಪಟ್ಟಿಗೆ ತಂತಿ ಸುತ್ತಿತ್ತು. ಸುತ್ತ ನೆಲದ ಮೇಲೆ ಬೆರಳು ದಪ್ಪ ಧೂಳು, ಚಪ್ಪಲಿಯ ಮೇಲೆ ಚೂರೂ ಇಲ್ಲ. ನನಗೆ ಅಷ್ಟು ಸಾಕಾಯಿತು.

"ಏನ್ ಮಾಸ್ತರ್ರೇ, ಇದೂ ನಿಮ್ದೇ ಸೆಟ್ಟಿಂಗಾ?"

"ನಾ ಅಲ್ಲವ್ವಾ. ನಿನ್ನ ಜೋಡಿನ ಬಂದೀನಲ್ಲ, ಯಾವಾಗ ಇಡಲಿ?"

"ನಿನ್ನೆ ಬಂದಿರಬಹುದು. ನನ್ನ ಹತ್ರ ಇದೆಲ್ಲ ನಡೆಯಲ್ಲ."

ಅವರ ಮುಖ ಸಣ್ಣದಾಯಿತು. "ಮುಟ್ಟಬ್ಯಾಡ ತಂಗಿ, ಯಾರವೋ ಇರ್ತಾವ" ಅಂದು ಪಾರಿವಾಳಗಳ ಚಿತ್ರ ತೆಗೆಯಲು ಹಿಂದಿನ ಗೋಡೆಯ ಕಡೆ ಹೋದರು.

ಬೇಡ ಅಂದದ್ದೇ ನನಗೆ ಸಾಕ್ಷಿಯಾಯಿತು. ಪಕ್ಕದಲ್ಲೇ ಲಿಫ್ಟಿಗೆಂದು ತೋಡಿದ ಗುಂಡಿಯಲ್ಲಿ ಮಳೆನೀರು ನಿಂತು ಹಸಿರಾಗಿತ್ತು. ಎರಡನ್ನೂ ಎತ್ತಿ ಅದಕ್ಕೆ ಎಸೆದೆ. ನೆಲದಲ್ಲಿ ಅವುಗಳ ಅಚ್ಚು ಉಳಿದಿತ್ತು, ಕಾಲಿನಿಂದ ಧೂಳು ಎಳೆದು ಅದನ್ನೂ ಮುಚ್ಚಿದೆ. ಫ್ರೇಮ್ ಕ್ಲೀನ್ ಮಾಡುವುದು ಅನ್ನುತ್ತೇವೆ ಇದಕ್ಕೆ. ಆಮೇಲೆ ಆ ಬರಿ ನೆಲ, ಬಿಸಿಲು, ಮೆಟ್ಟಿಲುಗಳದೇ ಒಂದು ನಲವತ್ತು ಚಿತ್ರ ತೆಗೆದೆ. ಇದು ನೋಡು ನಿಜವಾದ ಫೋಟೋ ಅಂತ ಒಳಗೊಳಗೇ ಬೀಗಿದೆ ಕೂಡ.

ಮಾಸ್ತರು ವಾಪಸು ಬಂದು, ಚಪ್ಪಲಿ ಎಲ್ಲಿ ಎಂದು ಕೇಳಿ, ನಾವು ಜಗಳಕ್ಕೆ ನಿಂತಿದ್ದಾಗ ಒಬ್ಬ ಹೆಂಗಸು ಬಂದಳು. ಸೀರೆಯ ಮೇಲೆ ಗಂಡಸಿನ ಅಂಗಿ, ಕೈಯಲ್ಲಿ ಒದ್ದೆ ಬಟ್ಟೆ. ನಮ್ಮ ಕನ್ನಡ ಕೇಳಿಸಿಕೊಂಡಿದ್ದಳು. ಮೆಟ್ಟಿಲ ಬುಡ ನೋಡಿದಳು, ನಮ್ಮನ್ನು ನೋಡಿದಳು.

"ಅಕ್ಕಾರ, ಇಲ್ಲಿದ್ದ ಚಪ್ಪಲಿ ನೋಡೀರೇನ್ರಿ?"

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಇವಳನ್ನೂ ಮಾಸ್ತರೇ ತಯಾರು ಮಾಡಿ ಕರೆಸಿದ್ದಾರೆ ಅನ್ನಿಸಿತು. "ನಿಮ್ಮನ್ನ ಇಲ್ಲಿಗೆ ಕಳಿಸಿದ್ದು ಯಾರು?" ಅಂತ ಕೇಳಿಯೇಬಿಟ್ಟೆ.

ಅವಳಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. "ಯಾರ ಕಳಸ್ತಾರ್ರಿ? ಅವು ನನ್ನ ಗಂಡನ್ವು. ಗ್ವಾಡಿಗೆ ಕಟ್ಟಿದ ಬಿದಿರ ಪರಾಂಚಿ ಹತ್ತೂಮುಂದ ಕಾಲ ಜಾರ್ತಾವಂತ ಇಲ್ಲೇ ಬಿಟ್ಟು ಏರ್ತಿದ್ದ. ಅವತ್ತೂ ಬಿಟ್ಟು ಏರಿದ. ಮ್ಯಾಲಿಂದ ಬಿದ್ದ."

ಯಾದಗಿರಿಯ ಕಡೆಯಿಂದ ಗಂಡ ಹೆಂಡತಿ ಇಬ್ಬರೂ ಇಲ್ಲಿ ಕೆಲಸಕ್ಕೆ ಬಂದವರು. ಈಗ ಅವಳು ಬೇರೆ ಕಡೆ ಇಟ್ಟಿಗೆ ಹೊರುತ್ತಾಳೆ, ವಾರಕ್ಕೊಮ್ಮೆ ಬಂದು ಚಪ್ಪಲಿ ಒರೆಸಿ ಹೋಗುತ್ತಾಳೆ. ಮನೆಗೆ ಯಾಕೆ ಒಯ್ಯಲಿಲ್ಲ ಎಂದು ಮಾಸ್ತರು ಮೆಲ್ಲಗೆ ಕೇಳಿದರು.

"ರಸ್ತೇದಾಗ ಬಿದ್ದು ಸತ್ತಾನಂತ ಬಿಲ್ಡರ್ ಪೊಲೀಸರ ಕಡೆ ಬರಸ್ಯಾನ್ರಿ. ಇಲ್ಲಿ ಅವ ಕೆಲಸಾನ ಮಾಡಿಲ್ಲಂತ. ಅವ ಇಲ್ಲಿದ್ದ ಅನ್ನಾಕ ಇವಷ್ಟ ಉಳದಿದ್ವು. ಮನೀಗೆ ಒಯ್ದ್ರ ಬರೇ ಚಪ್ಪಲಿ ಆಗ್ತಾವ."

ಗುಂಡಿಯ ಕಡೆ ಕೈ ತೋರಿಸಿದೆ, ನಾನೇ ಎಸೆದೆ ಅಂದೆ. ಮಾಸ್ತರು ಒಂದು ಉದ್ದ ಸರಳು ಹುಡುಕಿ ತಂದರು. ನಾನು ಮೊಣಕಾಲೂರಿ ಕೂತು ಒಂದು ಗಂಟೆ ಆ ನೀರು ಕೆದಕಿದೆ. ಪ್ಲಾಸ್ಟಿಕ್ ಚೀಲ, ಸಿಮೆಂಟಿನ ಗೋಣಿ, ಗುಟ್ಕಾ ಚೀಟಿ ಎಲ್ಲ ಬಂದವು. ಚಪ್ಪಲಿ ಬರಲಿಲ್ಲ.

ಅವಳು ಗೋಡೆಗೆ ಒರಗಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಮುಖ ಬಿಗಿಯಾಯಿತು.

"ನಿಮ್ಮನ್ನ ಬಿಲ್ಡರ್ ಕಳಸ್ಯಾನೇನ್ರಿ?"

"ಇಲ್ಲ ಕಣಮ್ಮ, ಸತ್ಯವಾಗ್ಲೂ ಇಲ್ಲ. ನಾವು ಸುಮ್ನೆ ಫೋಟೋ ತೆಗೆಯೋರು."

"ಫೋಟೋದವ್ರಾದ್ರ ಚಪ್ಪಲಿ ಇದ್ದಾಗಿಂದು ಒಂದರ ತಗದಿರ್ತೀರಲ್ರಿ. ತೋರಸ್ರಿ. ನಂಬ್ತೀನಿ." ಆ ಮಾತಿನಲ್ಲಿ ಆಸೆಯೂ ಇತ್ತು. ಒಂದು ಚಿತ್ರ ಇದ್ದಿದ್ದರೂ ಅವಳಿಗೆ ಸಾಕಿತ್ತು.

ಮಾಸ್ತರ ಕ್ಯಾಮೆರಾದಲ್ಲಿ ಬರೀ ಪಾರಿವಾಳ. ನನ್ನದನ್ನು ಅವಳೇ ಕೈಗೆ ತೆಗೆದುಕೊಂಡಳು. ಬಟನ್ ಒತ್ತುವುದು ಹೇಗೆಂದು ತೋರಿಸಿಕೊಟ್ಟೆ. ಒಂದೊಂದಾಗಿ ಒತ್ತಿದಳು. ಬರಿ ನೆಲ, ಬರಿ ನೆಲ, ಅದೇ ನೆಲ ಇನ್ನೊಂದು ಕಡೆಯಿಂದ. ಇಲ್ಲಿ ಏನೂ ಇರಲಿಲ್ಲ ಎಂದು ತೋರಿಸಬೇಕಾದವರು ಹೇಗೆ ತೆಗೆಯುತ್ತಾರೋ ಹಾಗೇ ತೆಗೆದಿದ್ದೆ. ನಲವತ್ತನ್ನೂ ನೋಡಿ ಮುಗಿಸಿ ಕ್ಯಾಮೆರಾವನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟಳು.

"ಕೆಲಸ ಆತು ಅಂತ ಹೇಳ್ರಿ ಆ ಬಿಲ್ಡರಗ" ಅಂದಳು. "ಇನ್ನ ನಾ ಬರಂಗಿಲ್ಲ."