ಅಮಾವಾಸ್ಯೆಗೆ ಕರೆದ ಕ್ಯಾಮೆರಾದವರು

ಒಂದು ಕಡೆ ಕೂತಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಬೈಲಹೊಂಗಲದ ನನ್ನ ಅಂಗಡಿಯಲ್ಲಿ ಗಿರಾಕಿಗಳ ಕುರ್ಚಿಗಳೆಲ್ಲ ಸವೆದಿವೆ, ನನ್ನ ಕುರ್ಚಿ ಮಾತ್ರ ಇನ್ನೂ ಹೊಸದರ ಹಾಗೇ ಇದೆ. ವಿಡಿಯೋ ಕ್ಯಾಮೆರಾ, ಲೈಟು, ಮೈಕು, ಸ್ಟ್ಯಾಂಡು ಮಾರುವ ಸಣ್ಣ ಅಂಗಡಿ. ಶುರುವಿನಲ್ಲಿ ಗಿರಾಕಿ ಬರುವ ತನಕ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. ಶಟರ್ ಎಳೆದು, ಒಂದು ಲೈಟನ್ನು ಬೈಕಿಗೆ ಬಿಗಿದು, ನಾನೇ ಅವರನ್ನು ಹುಡುಕಿಕೊಂಡು ಹೊರಡುತ್ತಿದ್ದೆ.

ಕಿತ್ತೂರಿಗೆ ಹೋಗುವಾಗ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಹಲ್ಲು ಕಡಿಯುತ್ತಿದ್ದೆ. ಸವದತ್ತಿಗೆ ಹೋಗಿ, ಅಲ್ಲಿಂದ ರಾಮದುರ್ಗಕ್ಕೆ, ಮನಸ್ಸು ನಿಲ್ಲದಿದ್ದರೆ ಸುರೇಬಾನದ ತನಕ. ಮದುವೆಗೆ ಮುಂಚಿನ ಜೋಡಿ ಫೋಟೋ ತೆಗೆಯುವವರು ತೊರಗಲ್ ಕೋಟೆಗೆ ಬರುತ್ತಾರೆಂದು ಕೇಳಿ ಬಿಸಿಲಲ್ಲಿ ಅಲ್ಲಿಗೂ ಹತ್ತಿದ್ದುಂಟು. ಎಲ್ಲ ಸ್ಟುಡಿಯೋದವರೂ ಚಹಾ ಕೊಟ್ಟರು. ಎಲ್ಲರೂ "ನೋಡೂಣ ತಗೋರಿ" ಎಂದರು. ನಮ್ಮ ಕಡೆ ಈ ಮಾತು ಬಂತೆಂದರೆ ಮುಗಿಯಿತು, ಲೋಟ ಇಟ್ಟು ಏಳಬೇಕು. ಮೊಬೈಲಿನಲ್ಲಿ ದಿನಾ ಸ್ಟೇಟಸ್ ಹಾಕುತ್ತಿದ್ದೆ. ಯಾರು ನೋಡಿದರು ಎಂದು ಊಟದ ತಾಟಿನ ಮುಂದೆಯೂ ತೆರೆದು ನೋಡುತ್ತಿದ್ದೆ. ಎಲ್ಲರೂ ನೋಡುತ್ತಿದ್ದರು, ಯಾರೂ ಬರುತ್ತಿರಲಿಲ್ಲ.

ಈ ಓಡಾಟದ ನಡುವೆ ಹುಬ್ಬಳ್ಳಿಯ ಸಗಟು ವ್ಯಾಪಾರಿ ಒಂದು ಅವಕಾಶ ಕೊಟ್ಟ. ಹೊಸ ಕ್ಯಾಮೆರಾ ಕಳಿಸುತ್ತೇನೆ, ಒಂದು ದಿನ ಎಲ್ಲರನ್ನೂ ಕರೆದು ತೋರಿಸು, ಅವತ್ತು ಆರ್ಡರ್ ಬಂದರೆ ಈ ತಾಲೂಕುಗಳ ಏಜೆನ್ಸಿ ನಿನ್ನದು, ಇಲ್ಲದಿದ್ದರೆ ಬೆಳಗಾವಿಯ ದೊಡ್ಡ ಅಂಗಡಿಗೆ ಕೊಡುತ್ತೇನೆ ಎಂದ. ಬೆಳಗಾವಿಗೆ ಹೋದರೆ ನನ್ನ ಅಂಗಡಿ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಿದ್ದೆ ಅರ್ಧವಾಯಿತು.

ದಿನ ಆರಿಸಲು ಪಂಚಾಂಗ ತೆಗೆದೆ. ಅಪ್ಪ ಪೌರೋಹಿತ್ಯ ಮಾಡುವವರು, ಅಷ್ಟು ಮಟ್ಟಿಗೆ ನನಗೂ ಪಂಚಾಂಗ ಬರುತ್ತದೆ. ಅಮಾವಾಸ್ಯೆ ನೋಡಿ ಬೀಗಿದೆ. ಅವತ್ತು ಎಲ್ಲಿಯೂ ಮದುವೆ ಇರುವುದಿಲ್ಲ, ಕ್ಯಾಮೆರಾದವರೆಲ್ಲ ಖಾಲಿ! "ಅಮಾವಾಸ್ಯೆಯ ದಿನ ತಪ್ಪದೆ ಬರಬೇಕು, ಉಪಾಹಾರ ಇದೆ" ಎಂದು ಎಲ್ಲರಿಗೂ ಮೆಸೇಜ್ ಹಾಕಿದೆ.

ಅಪ್ಪನಿಗೆ ಮಾತ್ರ ಹೇಳಲಿಲ್ಲ. ಅವರಿಗೂ ಕ್ಯಾಮೆರಾದವರಿಗೂ ಎಣ್ಣೆ ಸೀಗೇಕಾಯಿ. ಎಷ್ಟೋ ವರ್ಷಗಳಿಂದ ಪ್ರತಿ ಲಗ್ನದಲ್ಲೂ ತಾಳಿ ಕಟ್ಟುವ ಹೊತ್ತಿಗೆ ಒಬ್ಬ ಕೂಗುತ್ತಾನೆ: "ಆಚಾರ್ರ, ಒಂಚೂರ ಸರೀರಿ, ಮದಮಗಳ ಮುಖಾ ಕಾಣವಲ್ದು!" ಅಪ್ಪ ಸಿಡುಕುತ್ತಾರೆ: "ಮುಹೂರ್ತ ನಿಮ್ಮ ಬ್ಯಾಟರಿ ಸಲುವಾಗಿ ನಿಂದರತದೇನು?" ಆ ಜನಕ್ಕೇ ಸಾಮಾನು ಮಾರುವ ಅಂಗಡಿ ನನ್ನದು. ಅಪ್ಪ ಅದರ ಮೆಟ್ಟಿಲು ತುಳಿದಿರಲಿಲ್ಲ.

ಆ ದಿನ ಜನ ಬಂದರು. ಕಿತ್ತೂರಿನವರು, ರಾಮದುರ್ಗದವರು, ಎಲ್ಲರಿಗೂ ಹಿರಿಯನಾದ ಸವದತ್ತಿಯ ಸ್ಟುಡಿಯೋದವನೂ ಬಂದ. ಆತ ಕೊಂಡರೆ ಉಳಿದವರೂ ಕೊಳ್ಳುತ್ತಾರೆ ಎಂದು ನನ್ನ ಜೀವ ಅವನ ಮೇಲೇ ಇತ್ತು. ಆದರೆ ಒಬ್ಬೊಬ್ಬರ ಬಗಲಲ್ಲೂ ಒಂದೊಂದು ಚೀಲ. ಚೀಲದಿಂದ ಅವರವರ ಹಳೆಯ ಕ್ಯಾಮೆರಾಗಳು ಹೊರಬಂದವು, ಜೊತೆಗೆ ತೆಂಗಿನಕಾಯಿ, ಊದಿನಕಡ್ಡಿ, ಸೇವಂತಿಗೆ ಹಾರ.

"ಇದೇನ್ರಿ?" ಎಂದೆ.

"ಅಮಾಸಿ ಪೂಜಿಗೆ ಕರದೀರಲ್ಲರಿ. ಆಚಾರ್ರ ಎಲ್ಲಿ ಅದಾರು?" ಎಂದ ಸವದತ್ತಿಯ ಹಿರಿಯ.

ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಮ್ಮ ಸೀಮೆಯಲ್ಲಿ ಅಮಾವಾಸ್ಯೆಗೆ ಟ್ರ್ಯಾಕ್ಟರಿನಿಂದ ತಕ್ಕಡಿಯ ತನಕ ಎಲ್ಲಕ್ಕೂ ಪೂಜೆ. ಪುರೋಹಿತರ ಮಗ ಅವತ್ತೇ ಕರೆದರೆ ಜನ ಇನ್ನೇನು ತಿಳಿದಾರು? ಲಗ್ನ ಇಲ್ಲದ ದಿನ ಹುಡುಕಿದ ನನ್ನ ಜಾಣ ತಲೆಗೆ ಪೂಜೆ ನೆನಪಾಗಿರಲಿಲ್ಲ.

ಹುಬ್ಬಳ್ಳಿಯವನು ಮೂಲೆಯಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಅವನ ಹೊಸ ಕ್ಯಾಮೆರಾ ಮೇಜಿನ ಮೇಲಿತ್ತು, ಮುಂದೆ "ಮುಟ್ಟಬೇಡಿ" ಎಂದು ಅವನೇ ತಂದ ಫಲಕ. ಅದರ ಚಿತ್ರ ವೈರಿಲ್ಲದೆ ಗೋಡೆಯ ದೊಡ್ಡ ಟೀವಿಯಲ್ಲಿ ಮೂಡುವಂತೆ ಮಾಡಿದ್ದೆವು. ಜನ ಕೈಕಟ್ಟಿ ದೂರದಿಂದ ನೋಡಿ, ಮತ್ತೆ ತಮ್ಮ ತಮ್ಮ ಕ್ಯಾಮೆರಾಗಳ ಧೂಳು ಒರೆಸತೊಡಗಿದರು. ನಾನು ಒಳಗೆ ಹೊರಗೆ ಓಡಾಡಿದೆ. ನನ್ನ ಅಂಗಡಿ ನನ್ನ ಕಣ್ಣೆದುರೇ ಕೈತಪ್ಪುತ್ತಿತ್ತು. ಕೊನೆಗೆ ಸೋತು ಅಪ್ಪನಿಗೆ ಫೋನ್ ಮಾಡಿ, ಕ್ಯಾಮೆರಾದವರು ಪೂಜೆಗೆ ಕೂತಿದ್ದಾರೆ ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. "ಮಡಿ ಉಟ್ಟು ಬರತೇನಿ. ಕಾಯಿ ಯಾರೂ ಒಡೀಬ್ಯಾಡ್ರಿ ಅಂತ ಹೇಳು" ಎಂದರು.

ಬಂದರು. ಯಾರ ಮುಖವನ್ನೂ ನೋಡದೆ ಕ್ಯಾಮೆರಾಗಳನ್ನು ಸಾಲಾಗಿ ಇಡಿಸಿದರು, ಮಂತ್ರ ಹೇಳುತ್ತ ಒಂದೊಂದಕ್ಕೂ ಕುಂಕುಮ ಹಚ್ಚುತ್ತ ಬಂದರು. ಹೊಸದರ ಮುಂದೆ ನಿಂತು, ಇದಕ್ಕೆ ಹಣೆ ಎಲ್ಲಿದೆ ಎಂದು ಹುಡುಕಿ, ನಟ್ಟನಡುವಿನ ಗಾಜಿಗೇ ಬೆರಳು ಒತ್ತಿಬಿಟ್ಟರು. ಉಳಿದವರೆಲ್ಲ ಗಾಜಿಗೆ ಮುಚ್ಚಳ ಹಾಕಿ ತಂದಿದ್ದರು. ಇದರ ಮುಚ್ಚಳವನ್ನು ನಾನು ಬೆಳಿಗ್ಗೆಯೇ ತಾಳಲಾರದೆ ತೆಗೆದಿಟ್ಟಿದ್ದೆ. ಟೀವಿ ತುಂಬ ಕೆಂಪು.

"ಲೆನ್ಸ್! ಲೆನ್ಸ್!" ಎಂದು ಹುಬ್ಬಳ್ಳಿಯವನು ಕಿರುಚಿದ. ಅಪ್ಪ ಬೆರಳು ಹಾಗೇ ಎತ್ತಿಕೊಂಡು, ತಪ್ಪಾಯಿತೇನೋ ಎಂಬಂತೆ ನನ್ನ ಕಡೆ ನೋಡಿದರು.

"ಗದ್ಲ ಮಾಡಬ್ಯಾಡ್ರಿ, ಸರೀರಿ" ಎಂದು ಸವದತ್ತಿಯ ಹಿರಿಯ ಫಲಕ ಪಕ್ಕಕ್ಕೆ ತಳ್ಳಿದ. ಗಾಳಿ ಊದುವ ರಬ್ಬರ್ ಬುರುಡೆ, ಮೆತ್ತನೆಯ ಬಟ್ಟೆ ತೆಗೆದು, ಕೂಸಿನ ಕಣ್ಣು ಒರೆಸುವಷ್ಟು ಹಗುರಾಗಿ ಒರೆಸಿದ. ಒರೆಸಿದ್ದು ಸರಿಯಾಯಿತೇ ನೋಡಲೆಂದು ಕ್ಯಾಮೆರಾ ಎತ್ತಿ ಹೆಗಲಿಗೆ ಇಟ್ಟ. ಇಟ್ಟವನು ಇಳಿಸಲಿಲ್ಲ. "ಆಚಾರ್ರ, ನೀವು ಆರತಿ ಮಾಡ್ರಿ" ಎಂದ.

ಟೀವಿಯಲ್ಲಿ ಅಪ್ಪ ಮೂಡಿದರು. ಇಡೀ ಜನ್ಮ "ಸರೀರಿ" ಎನ್ನಿಸಿಕೊಂಡವರು, ಈಗ ಪರದೆ ತುಂಬ ಅವರೇ. ಆರತಿಯ ಬೆಳಕಿನಲ್ಲಿ ಕುರುಚಲು ಗಡ್ಡ, ಗುಳಿಬಿದ್ದ ಗಲ್ಲ, ಸಣ್ಣಗೆ ನಡುಗುವ ಕೈ. ಆ ನಡುಕ ಯಾವಾಗ ಶುರುವಾಯಿತೋ ನನಗೆ ಗೊತ್ತಿರಲಿಲ್ಲ. ದಿನಾ ಒಂದೇ ಮನೆಯಲ್ಲಿ ಉಣ್ಣುತ್ತೇವೆ, ನಾನು ನೋಡುತ್ತಿದ್ದುದು ಮೊಬೈಲನ್ನು. ಮೊದಲ ಸಲ ಆ ಅಂಗಡಿಯಲ್ಲಿ ನಾನು ನನ್ನ ಕುರ್ಚಿಯ ಮೇಲೆ ಕೂತೆ.

ಅಪ್ಪನೂ ನೋಡಿದರು. "ನಾ ಇಷ್ಟ ಮುದುಕ ಆಗೇನೇನು?" ಎಂದರು.

"ಇದನ್ನ ನಾ ಒಯ್ತೇನಿ" ಎಂದ ಸವದತ್ತಿಯ ಹಿರಿಯ. ಇದು ತೋರಿಸಲು ತಂದದ್ದು, ಮಾರಲು ಬರುವುದಿಲ್ಲ ಎಂದು ಹುಬ್ಬಳ್ಳಿಯವನು ಅಂದ. "ಆಚಾರ್ರು ಕುಂಕುಮ ಹಚ್ಚಿದ್ದು ವಾಪಸ್ ಹೆಂಗ ಕಳಸೂದ್ರಿ? ನನಗ ಇದ ಬೇಕು." ಆಮೇಲೆ ರಾಮದುರ್ಗದವರು ಮುಟ್ಟಿದರು, ಕಿತ್ತೂರಿನವರು ಎತ್ತಿದರು, ಒಬ್ಬೊಬ್ಬರಾಗಿ ಆರ್ಡರ್ ಬರೆಸಿದರು. ಫಲಕ ಯಾರ ಕಾಲ ಕೆಳಗೆ ಹೋಯಿತೋ ಕಾಣಲಿಲ್ಲ. ಸಂಜೆ ಹುಬ್ಬಳ್ಳಿಯವನು ಏಜೆನ್ಸಿಯ ಮಾತು ತಾನಾಗಿಯೇ ಎತ್ತಿದ.

ಮುಂದಿನ ಅಮಾವಾಸ್ಯೆಗೂ ಕ್ಯಾಮೆರಾದವರೆಲ್ಲ ಪೂಜೆಗೆ ಬರುವವರಿದ್ದರು. ಆ ಬೆಳಿಗ್ಗೆ ಎಂದಿನಂತೆ ಧಾವಂತದಿಂದ ಅಂಗಡಿಗೆ ಹೋದರೆ ಮುಚ್ಚಿದ ಶಟರಿನ ಮುಂದೆ, ಮೆಟ್ಟಿಲ ಮೇಲೆ ಅಪ್ಪ ಕೂತಿದ್ದರು. ಒಗೆದ ಧೋತರ, ನುಣ್ಣನೆಯ ಗಲ್ಲ. ಅಮಾವಾಸ್ಯೆಗೆ ಕ್ಷೌರ ನಿಷಿದ್ಧ, ಹಿಂದಿನ ದಿನವೇ ಹೋಗಿ ಮಾಡಿಸಿಕೊಂಡು ಬಂದಿದ್ದರು.

"ಎಷ್ಟೊತ್ತು ಮಾಡ್ತೀಯೋ? ಲಗೂನ ಆ ಟೀವಿ ಹಚ್ಚು" ಎಂದರು. "ಈ ಸಲಾ ಹೆಂಗ ಕಾಣತೇನಿ ನೋಡೂಣು."